ಒಪ್ಪದ ಕೊಂಬು

ಒಂದು ನದಿ, ದಡದಲ್ಲೊಂದು ಆಶ್ರಮ. ಯಾವ ನದಿ ಎಂದು ಕೇಳಬೇಡಿ, ಹೇಳಿದಾಗಲೆಲ್ಲ ಬೇರೆಯಾಗುತ್ತದೆ.

ಅಲ್ಲಿನ ಗುರುಗಳು ಎಮ್ಮೆಯ ಕೊಂಬನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ತಿರುಗಿಸಿ ಪೆನ್ನು ಕಡೆಯುವವರು. ಹೊಸದಾಗಿ ಬಂದ ಭೈರನಿಗೆ ಮೊದಲ ದಿನವೇ ಹೇಳಿಬಿಟ್ಟಿದ್ದರು:

"ಒಂದು ಪೆನ್ನು ನೀನೇ ಕಡೆದು ತಾ. ಅದರಿಂದಲೇ ಶಿಷ್ಯರ ಪುಸ್ತಕದಲ್ಲಿ ನಿನ್ನ ಹೆಸರು ಬರೀತೀನಿ. ಅಲ್ಲಿಯವರೆಗೆ ನೀನು ನೆಂಟ."

ನೆಂಟನಾಗಿ ಒಂಬತ್ತು ತಿಂಗಳಾಯಿತು. ಹಾಳಾದ ಕೊಂಬು ಹನ್ನೊಂದು. ಹದಿನಾಲ್ಕು ಅನ್ನುವವರೂ ಇದ್ದಾರೆ.

ಭೈರನಿಗೆ ಗೇಣುದ್ದದ ಪೆನ್ನೇ ಆಗಬೇಕು. ಕಂಡವರು ಬಾಯಿ ಬಿಡಬೇಕು.

ಮೊದಲ ಕೊಂಬಿಗೆ ಉಳಿಯನ್ನು ಒತ್ತಿ ಹಿಡಿದ. ಉಜ್ಜಿದ ಬಿಸಿಗೆ ಕೂದಲು ಸುಟ್ಟಂಥ ವಾಸನೆ ಆಶ್ರಮವೆಲ್ಲ ಹಬ್ಬಿ, ಕೊಂಬು ಸೀಳಿತು.

ಗುರುಗಳು ಗಡ್ಡ ಮುಟ್ಟಿ ನೋಡಿಕೊಂಡರು. "ಸದ್ಯ, ನನ್ನದಲ್ಲ."

ಕೊನೆಗೆ ಭೈರ ಉಪಾಯ ಹೂಡಿದ. ಡೊಂಕು ಕೊಂಬನ್ನು ಕಾದ ಎಣ್ಣೆಯಲ್ಲಿ ಮೆತ್ತಗೆ ಮಾಡಿ, ಎರಡು ಹಲಗೆಗಳ ನಡುವೆ ಬಿಗಿದು ನೇರ ಮಾಡಿ, ಕಡೆದ. ಗೇಣುದ್ದದ ಪೆನ್ನು, ಬಾಣದಂತೆ!

"ಪುಸ್ತಕ ತೆಗೀರಿ, ಗುರುಗಳೇ!"

"ಮೂರು ದಿನ ಇರಲಿ."

ಮೂರನೆಯ ದಿನ ಪೆನ್ನು ಬಾಳೆಹಣ್ಣಿನಂತೆ ಬಾಗಿತ್ತು.

"ನೇರ ಮಾಡಿದ್ದೆನಲ್ಲ!" ಭೈರ ಹಣೆ ಚಚ್ಚಿಕೊಂಡ.

"ಮಾಡಿದ್ದೆ. ಅದು ಒಪ್ಪಿರಲಿಲ್ಲ."

"ಕೊಂಬು ಒಪ್ಪೋದಂದ್ರೆ ಏನು? ಸಾಕಾಯ್ತು ನನಗೆ! ಹೊರಟೆ!"

"ನನಗೂ ಸಾಕಾಗಿದೆ. ಅಗೋ, ಇನ್ನೊಂದು ಕೊಂಬು ಉಳಿದಿದೆ. ಅದನ್ನೂ ಹಾಳು ಮಾಡಿಯೇ ಹೊರಡು. ಇಬ್ಬರಿಗೂ ನೆಮ್ಮದಿ."

ಭೈರ ಕೊಂಬನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಹೋದ. ಎಣ್ಣೆ ಕಾಯಿಸುವ ಹುಮ್ಮಸ್ಸು ಉಳಿದಿರಲಿಲ್ಲ. ಗಟ್ಟಿ ತುದಿಯಲ್ಲಿ ತಾನಾಗಿ ನೇರವಿದ್ದಷ್ಟನ್ನೇ ಗರಗಸದಿಂದ ಕುಯ್ದ. ಹೆಬ್ಬೆರಳಿಗಿಂತ ತುಸುವೇ ಉದ್ದ. ಒತ್ತುವ ಉಮೇದೂ ಇರಲಿಲ್ಲ. ಉಳಿ ಎಷ್ಟು ತೆಗೆಯುತ್ತದೋ ಅಷ್ಟೇ ತೆಗೆಯಲೆಂದು ಬಿಟ್ಟ. ವಾಸನೆ ಬರಲಿಲ್ಲ.

ನಿಬ್ಬು ಕೂರಿಸಿದ. ಯಾರೂ ಹೇಳದೆಯೇ ಮೂರು ದಿನ ಕಾದ. ಪೆನ್ನು ಬಾಗಲಿಲ್ಲ.

ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ತಂದುಕೊಟ್ಟ.

ಗುರುಗಳು ಪುಸ್ತಕ ಬಿಡಿಸಿದರು. ಎರಡು ಬೆರಳಲ್ಲಿ ಪೆನ್ನು ಹಿಡಿದು, ಶಾಯಿಗೆ ಅದ್ದಿ, ಅವನ ಹೆಸರು ಬರೆದರು.

ಭೈರನ ಕಣ್ಣು ತುಂಬಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ತೀರಾ ಗಿಡ್ಡವಾಯ್ತು, ಗುರುಗಳೇ."

ಗುರುಗಳು ಹಸಿ ಶಾಯಿಯ ಮೇಲೆ ಮೆಲ್ಲಗೆ ಊದಿ, ಪುಸ್ತಕವನ್ನು ಅವನತ್ತ ತಿರುಗಿಸಿದರು.

"ಯಾಕಯ್ಯಾ, ಹೆಸರೇನಾದರೂ ಅರ್ಧಕ್ಕೆ ನಿಂತಿದೆಯೇ?"