ಅವ್ವನ ಮಾತು, ಕಾಗೆ ಮರಿ, ಮಾವನ ಕಾಲು

ಬನ್ರಪ್ಪಾ, ಹತ್ರ ಬನ್ರಿ. ಬುದ್ಧಿವಂತರ ಕತೆ ಬೇಕಾದಷ್ಟು ಕೇಳಿದ್ದೀರಿ, ಈಗ ನನ್ನ ಕತೆ ಕೇಳಿ. ನಾನು ಬೋರೇಶ. ಹೆತ್ತವ್ವನ ಮಾತನ್ನು ನನ್ನಷ್ಟು ಚಾಚೂ ತಪ್ಪದೆ ನಡೆಸೋ ಮಗ ಸುತ್ತ ಯಾವೂರಲ್ಲೂ ಇಲ್ಲ. ಇದ್ದರೆ ಕರೆದುಕೊಂಡು ಬನ್ನಿ, ನೋಡೇಬಿಡೋಣ!

ಇಂಥ ಮಗನನ್ನು ಹೆತ್ತೂ ಅವ್ವ ಹಣೆ ಚಚ್ಚಿಕೊಳ್ಳೋಳು. "ಭಾನುವಾರ ಹಲಗೇಗೌಡರು ನಮ್ಮನೆ ನೋಡೋಕೆ ಬರ್ತಾರೆ. ಮನಸ್ಸಿಗೆ ಬಂದ್ರೆ ಮಗಳು ಜಯಶೀಲನ್ನ ಕೊಡ್ತಾರೆ. ಅಲ್ಲೀವರ್ಗೂ ಪೆದ್ದುಪೆದ್ದಾಗಿ ಏನೂ ಮಾಡ್ಬೇಡ ಕಣೋ!"

"ಆಯ್ತವ್ವಾ!" ಅಂದೆ.

ಅವತ್ತೇ ನೋಡಿ, ಹೊಂಗೆ ಮರದಡಿ ಒಂದು ಕಾಗೆ ಮರಿ ಕುಪ್ಪಳಿಸ್ತಾ ಇತ್ತು. ಅಯ್ಯೋ ಪಾಪ, ಅನಾಥ! ಟವಲ್ಲಲ್ಲಿ ಸುತ್ತಿ ಮನೆಗೆ ತಂದೆ. ಕಾಗೆಗಳು ದಾರಿಯುದ್ದಕ್ಕೂ ನನ್ನ ತಲೆ ಕುಟುಕಿದವು. ಕುಟುಕಲಿ! ಗಂಡಸು ನಾನು, ಬಿಡ್ತೀನಾ?

"ಥೂ ನಿನ್ನ! ಮದುವೆ ಗಂಡು ತಲೆ ಮೇಲೆ ಕಾಗೆ ಕೂರಿಸ್ಕೊಂಡು ಬರೋದೇನೋ! ಅದು ಹಾರೋದು ಕಲೀತಿತ್ತು, ಅದರವ್ವ ಅಲ್ಲೇ ಇದ್ಲು. ಬಿಟ್ಟು ಬಂದು ತಲೆಗೆ ಸ್ನಾನ ಮಾಡು! ಪುಕ್ಕ ಬಂದಿದ್ರೆ ಮುಟ್ಬಾರ್ದು. ದೂರ ನಿಂತು ನೋಡ್ಬೇಕು, ಅಷ್ಟೇ!"

"ಅಷ್ಟೇ ತಾನೇ? ಆಯ್ತವ್ವಾ!"

ಮಾರನೇ ದಿನ ಬೆಕ್ಕು ಬಂದು ನಮ್ಮ ಕೋಳಿಮರಿಗೆ ಬಾಯಿ ಹಾಕಿತು. ನೋಡಿದೆ. ಪುಕ್ಕ ಬಂದಿತ್ತು. ಮುಟ್ಟಲಿಲ್ಲ. ದೂರ ನಿಂತೆ. ಬೆಕ್ಕು ಹತ್ತಿರ ಬಂತು, ನಾನು ಇನ್ನೂ ದೂರ ಹೋದೆ. ಅಂಥಾ ಶಿಸ್ತು ನಂದು!

"ಬೆಕ್ಕು ಹೊತ್ಕೊಂಡು ಹೋಗೋದನ್ನ ನೋಡ್ತಾ ನಿಂತಿದ್ಯಾ?"

"ಪುಕ್ಕ ಇತ್ತವ್ವಾ!"

"ನನ್ನ ಕರ್ಮ! ಆಪತ್ತಲ್ಲಿದ್ರೆ ಕಾಪಾಡ್ಬೇಕು. ಪುಕ್ಕ ಬರದೆ ಬರಿ ಮೈಯಲ್ಲಿ ಬಿದ್ದಿದ್ರಂತೂ ಮೆತ್ತಗೆ ಎತ್ತಿ ಗೂಡಲ್ಲಿ ಇಡ್ಬೇಕು. ತಿಳೀತಾ?"

"ತಿಳೀತವ್ವಾ!" ನನಗೆ ತಿಳಿಯದೆ ಇರುತ್ತಾ?

ಭಾನುವಾರ ಬಂತು. ಅವ್ವ ಗೌಡರಿಗೆಂದು ಹುಂಜ ಕೊಯ್ದು, ಪುಕ್ಕ ಕಿತ್ತು, ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಅರಿಶಿನ ಬಳಿದು, ತೊಳೆದು ಜಗಲಿ ಮೇಲೆ ಇಟ್ಟು ಮಸಾಲೆ ಅರೆಯೋಕೆ ಒಳಗೆ ಹೋದಳು. ನಾನು ಬಂದೆ. ನೋಡಿದೆ. ಒಂದೇ ಒಂದು ಪುಕ್ಕ ಇಲ್ಲ! ಬರಿ ಮೈ! ಅಂಗಾತ ಬಿದ್ದಿದೆ! ಮೆತ್ತಗೆ ಎತ್ತಿದೆ, ಮರ ಹತ್ತಿದೆ, ಕಾಗೆ ಗೂಡಲ್ಲಿಟ್ಟೆ. ಈ ಸಲ ಕಾಗೆಗಳು ನನ್ನ ಕುಟುಕಲೇ ಇಲ್ಲ. ಸಂತೋಷದಿಂದ ನೆಂಟರನ್ನೆಲ್ಲ ಕೂಗಿ ಕರೆದವು!

"ಹುಂಜ ಎಲ್ಲೋ?"

"ಗೂಡು ಸೇರಿತವ್ವಾ!"

ಅವ್ವ ಕೂತಲ್ಲೇ ಅತ್ತಳು. "ಸತ್ತಿದ್ದು ಯಾವುದು, ಬದುಕಿದ್ದು ಯಾವುದು ಅಂತ ಗೊತ್ತಾಗಲ್ವೇನೋ! ಇನ್ಮೇಲೆ ಗೂಡಿನ ಸುದ್ದಿಗೇ ಹೋಗ್ಬೇಡ. ಕಾಲಿಗೋ ರೆಕ್ಕೆಗೋ ಪೆಟ್ಟಾಗಿದ್ರೆ ಮಾತ್ರ ಬುಟ್ಟಿ ಮುಚ್ಚಿ ಕತ್ತಲಲ್ಲಿಡು. ನೀರು ಕುಡಿಸ್ಬೇಡ. ಹಾರೋ ಹಾಗಾದ್ಮೇಲೆ ಬಿಡು. ಅಷ್ಟು ಬಿಟ್ಟು ಏನೂ ಮಾಡ್ಬೇಡ!" ಅಂದವಳೇ ಪಕ್ಕದ ಮನೆಗೆ ಮೊಟ್ಟೆ ಕೇಳಿ ತರೋಕೆ ಓಡಿದಳು.

ಅಷ್ಟರಲ್ಲಿ ಗೌಡರು ಬಂದರು. ಬಿಳೀ ಪಂಚೆ, ಬಿಳೀ ಶರಟು. ಜಗಲಿ ಮೇಲೆ ಹುಂಜ ತೊಳೆದ ನೀರು ಇತ್ತಲ್ಲ, ಅದರ ಮೇಲೆ ಕಾಲಿಟ್ಟರು. ಸರ್ರ್! ದೊಪ್ಪ್!

"ಅಯ್ಯಯ್ಯೋ, ನನ್ನ ಕಾಲು!"

ಕಾಲು! ಪೆಟ್ಟು! ನಾನು ತಡ ಮಾಡ್ತೀನಾ? ಕೋಳಿ ಮುಚ್ಚೋ ದೊಡ್ಡ ಬುಟ್ಟಿ ತಂದು ದಬಕ್ಕನೆ ಮುಚ್ಚಿದೆ. ಕತ್ತಲಾಗಲಿ ಅಂತ ಮೇಲೆ ಕಂಬಳಿ ಹೊದಿಸಿದೆ. ಎದ್ದು ಹೋಗದಿರಲಿ ಅಂತ ಅದರ ಮೇಲೆ ನಾನೇ ಕೂತೆ.

"ಲೋ, ಯಾರೋ ಅದು? ಉಸಿರು ಕಟ್ತಾ ಇದೆ! ನೀರು ಕೊಡೋ!"

"ನೀರು ಕುಡಿಸ್ಬಾರ್ದು ಮಾವ! ಸುಮ್ಮನಿರಿ!"

ಅವ್ವ ಬಂದಳು. ಬುಟ್ಟಿ ಕೆಳಗಿಂದ ಹೊರಗೆ ಚಾಚಿದ್ದ ಗೌಡರ ಮೆಟ್ಟು ನೋಡಿದಳು. ಮಡಿಲಲ್ಲಿದ್ದ ಮೊಟ್ಟೆಗಳೆಲ್ಲ ಕೆಳಗೆ ಬಿದ್ದು ಪಟಪಟ ಒಡೆದವು. "ಬೋರೇಶಾ! ಬಿಡೋ ಅವರನ್ನ!"

ಬುಟ್ಟಿಯೊಳಗಿಂದ ಗೌಡರು ಗೋಗರೆದರು. "ಅಮ್ಮಾ, ನಿಮ್ಮ ಮನೆಯೂ ಚೆಂದ, ನಿಮ್ಮ ಮಗನೂ ಚೆಂದ! ಜಯಶೀಲನ್ನ ಇವನಿಗೇ ಕೊಡ್ತೀನಿ! ಮೊದಲು ಈ ಬುಟ್ಟಿ ತೆಗೆಸಿ!"

ಅವ್ವನ ಗಾಬರಿ ಇಳಿಯಿತು. ಮುಖ ಅರಳಿತು. "ಕೇಳಿಸ್ಕೊಂಡ್ಯಾ ಮಗನೇ? ಏಳು, ಏಳೋ ಬಂಗಾರ!"

ನಾನು ಎದ್ದಿದ್ದರೆ ಸಾಕಿತ್ತು. ಆದರೆ ಹೆಣ್ಣು ಸಿಕ್ಕಿತು ಅಂತ ಹೆತ್ತವ್ವನ ಮಾತು ಮರೆಯೋ ಮಗನಾ ನಾನು? ಬಗ್ಗಿ ಕಂಬಳಿಯ ಅಂಚೆತ್ತಿ, ಬುಟ್ಟಿಯ ಸಂದಿಗೆ ಬಾಯಿಟ್ಟು ಹೇಳಿದೆ:

"ಮೊದಲು ಹಾರಿ ತೋರ್ಸಿ ಮಾವ, ಆಮೇಲೆ ಬಿಡ್ತೀನಿ!"