ದುಗ್ಗಿಕುದುರು

ಹೊಳೆ ಕಡಲು ಸೇರುವಲ್ಲಿ ದುಗ್ಗಿಕುದುರು ಎಂಬ ದ್ವೀಪ. ದೂರದ ಹಡಗುಗಳು ಅಲ್ಲಿ ತಂಗುತ್ತಿದ್ದವು. ಎದುರು ದಡದಲ್ಲಿ ನರಹರಿ ಗುರುಗಳ ಆಶ್ರಮ.

ಊರಾಗುವ ಮೊದಲು ದ್ವೀಪದಲ್ಲಿದ್ದದ್ದು ಒಂದು ಗುಡಿಸಲು, ಒಂದು ಸಿಹಿನೀರಿನ ಬಾವಿ. ಬಾವಿ ತೋಡಿದವಳು ದುಗ್ಗಿ ಎಂಬ ಬೆಸ್ತರ ಹೆಂಗಸು. ಬಾಯಾರಿ ಬಂದ ನಾವಿಕರಿಗೆ ನೀರು ಕೊಟ್ಟಳು. ಅವರ ಬಾಯಲ್ಲೇ ದ್ವೀಪಕ್ಕೆ ಅವಳ ಹೆಸರು ನಿಂತಿತು.

ಬಂದರು ಬೆಳೆದು ವರ್ತಕರು ಶ್ರೀಮಂತರಾದ ಮೇಲೆ ಆ ಹೆಸರು ಹೇಳಲು ಅವರಿಗೆ ನಾಚಿಕೆಯಾಯಿತು. ಊರಿಗೊಂದು ಪುರಾಣ ಬರೆದುಕೊಡಿ ಎಂದು ಗುರುಗಳನ್ನು ಕೇಳಿದರು. ಗುರುಗಳು ಒಪ್ಪಲಿಲ್ಲ. ಶಿಷ್ಯ ತಿರುಮಲೇಶ ಒಪ್ಪಿಕೊಂಡ.

ದುಗ್ಗಿ ಎಂದರೆ ದುರ್ಗೆ, ದೇವಿ ಕಾಲಿಟ್ಟಲ್ಲಿ ಸಿಹಿನೀರು ಉಕ್ಕಿತು ಎಂದು ಬರೆದ. ವರ್ತಕರು ಶಾಲು ಹೊದಿಸಿದರು. ಬಾವಿಯ ಪಕ್ಕ ಗುಡಿ ಎದ್ದಿತು. ಮೀನಿನ ವಾಸನೆ ದೇವಿಗೆ ಆಗದೆಂದು ದುಗ್ಗಿಯ ವಂಶದವರ ಗುಡಿಸಲುಗಳನ್ನು ಕಿತ್ತುಹಾಕಿದರು.

ಒಂದು ಬೆಳಿಗ್ಗೆ ಅವರೆಲ್ಲ ಬಲೆ, ಮಡಕೆ, ಮಕ್ಕಳೊಡನೆ ಆಶ್ರಮದ ದಡಕ್ಕೆ ಬಂದಿಳಿದರು. ಹಿರಿಯಳಾದ ಸುಬ್ಬಿ ಗುರುಗಳ ಮುಂದೆ ಕೂತಳು.

"ನಮ್ಮ ಮುತ್ತಜ್ಜಿ ದೇವರಂತೆ, ಹೌದಾ ಅಯ್ಯ?"

ಗುರುಗಳು ಶಿಷ್ಯನ ಕಡೆ ನೋಡಿದರು.

"ನಾನು ಸುಳ್ಳು ಬರೆದಿಲ್ಲ ಗುರುಗಳೇ," ಎಂದ ತಿರುಮಲೇಶ. "ದುರ್ಗೆಯೇ ಜನರ ಬಾಯಲ್ಲಿ ದುಗ್ಗಿ. ವ್ಯಾಕರಣ ಒಪ್ಪುತ್ತದೆ."

"ಒಳ್ಳೆಯದು. ದೇವಿಯ ಮರಿಮಗಳು ಬಂದಿದ್ದಾಳೆ. ಗುಡಿಗೆ ಕರೆದುಕೊಂಡು ಹೋಗು."

ತಿರುಮಲೇಶ ಸುಬ್ಬಿಯನ್ನು ದೋಣಿಯಲ್ಲಿ ಕರೆದೊಯ್ದ. ಗುಡಿಯ ಬಾಗಿಲಲ್ಲೇ ತಡೆದರು. ಇವಳು ದುಗ್ಗಿಯ ಮರಿಮಗಳು ಎಂದ. ಕಾವಲಿನವನು ತಿರುಮಲೇಶ ಬರೆದ ಪುರಾಣವನ್ನೇ ಅವನೆದುರು ಬಾಯಿಪಾಠವಾಗಿ ಒಪ್ಪಿಸಿದ. ಅದರಲ್ಲಿ ದೇವಿಗೆ ಮಕ್ಕಳೂ ಇರಲಿಲ್ಲ, ಮರಿಮಕ್ಕಳೂ ಇರಲಿಲ್ಲ.

ಸುಬ್ಬಿ ಒಂದು ಬೊಗಸೆ ನೀರು ಕೇಳಿದಳು. ಅದನ್ನೂ ಕೊಡಲಿಲ್ಲ.

ಇಬ್ಬರೂ ದೋಣಿಯಲ್ಲಿ ಮರಳಿದರು.

ಸಂಜೆ ತಿರುಮಲೇಶ ಗುರುಗಳ ಕಾಲ ಬಳಿ ಕೂತು ಅತ್ತ. ನಿಜವಾದ ಕಥೆ ಬರೆದು ಊರೂರಿಗೆ ಹೋಗಿ ಓದುತ್ತೇನೆ ಎಂದ. ಓದು, ಆದರೆ ಅದನ್ನು ಕೇಳಿ ಗುಡಿಯನ್ನು ಯಾರೂ ಕೆಡವುವುದಿಲ್ಲ ಎಂದರು ಗುರುಗಳು.

"ಹಾಗಾದರೆ ನಾನೇನು ಮಾಡಲಿ?"

ಗುರುಗಳು ಸುಬ್ಬಿಯ ಗಂಟೊಂದನ್ನು ಎತ್ತಿ ಅವನ ಹೆಗಲ ಮೇಲಿಟ್ಟರು.

"ನಾಳೆ ಇವರು ಬೇರೆ ಜಾಗ ಹುಡುಕಿಕೊಂಡು ಹೊರಡುತ್ತಾರೆ. ಜೊತೆಗೆ ಹೋಗು. ಗುಡಿಸಲು ಕಟ್ಟಿಕೊಡು. ಆ ಜಾಗಕ್ಕೆ ಹೆಸರು ಮಾತ್ರ ಇಡಬೇಡ."