ನೆಲ್ಲಾ ಗೆದ್ದ ರಜೆ

ಅರಮನೆಯ ಮೆಟ್ಟಿಲು ಗುಡಿಸುವ ನೆಲ್ಲಾ, ಏಳನೆಯ ಮೆಟ್ಟಿಲಿಗೆ ಬಂದಾಗಲೆಲ್ಲ ಪೊರಕೆಯ ಹಿಡಿಯಿಂದ ಗೋಡೆಗೆ ಮೂರು ಸಲ ಬಡಿಯುತ್ತಿದ್ದಳು. ಗೋಡೆಯಾಚೆ ಸೆರೆಮನೆ. ಒಳಗಿನಿಂದ ಅವಳ ಅಣ್ಣ ಟೂಲಿಯೋ ತಿರುಗಿ ಮೂರು ಸಲ ಬಡಿಯುತ್ತಿದ್ದ. ಅಷ್ಟಾದರೆ ಅವಳಿಗೆ ಬೆಳಗಾದಂತೆ.

ಇಟಲಿಯ ಬೆಟ್ಟಗಳ ನಡುವಿನ ಆ ಪುಟ್ಟ ರಾಜ್ಯ ಮೊಂತೆರಾವೋ. ದೊರೆ ಫಾಲ್ಕೋಗೆ ಆಳುಗಳು ಸುಮ್ಮನೆ ಕೂತದ್ದು ಕಂಡರೆ ಮೈಯೆಲ್ಲ ಉರಿ. ಆ ವರ್ಷ ಡಂಗುರ ಹೊಡೆಸಿದ: “ಇನ್ನು ಹಬ್ಬದ ರಜೆಗಳಿಲ್ಲ. ಬೇಕೆನ್ನುವವರು ನನ್ನ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಹಬ್ಬಗಳೂ ಉಳಿಯುತ್ತವೆ, ಕೇಳಿದ ಇನಾಮೂ ಸಿಗುತ್ತದೆ. ತಪ್ಪಿದರೆ ತಲೆ ಹೋಗುತ್ತದೆ. ಕ್ರಿಸ್ಮಸ್ ಮಧ್ಯಾಹ್ನಕ್ಕೆ ಗಡುವು.”

ಡಂಗುರಕ್ಕೆ ಕಿವಿಗೊಡದೆ ಆಗಸ್ಟ್ ಹದಿನೈದರ ಹಬ್ಬದಂದು ಮರದಡಿ ಮಲಗಿದ್ದಕ್ಕೇ ಟೂಲಿಯೋ ಸೆರೆಯಾದದ್ದು.

ಮೊದಲು ಬೊಲೋನ್ಯದ ಪಂಡಿತರೊಬ್ಬರು ಬಂದರು. ದೊರೆ ಕೇಳಿದ: “ಸತ್ತು ಎಷ್ಟೋ ಕಾಲವಾದ ಯಜಮಾನನೊಬ್ಬ ಇವತ್ತಿಗೂ ಆಳುಗಳಿಗೆ ವರ್ಷಕ್ಕೊಂದು ದಿನ ನೆರಳು ಕೊಡುತ್ತಾನೆ. ಯಾರವನು?”

ಪಂಡಿತರು ಸೂರ್ಯ ಎಂದರು. ತಲೆ ಹೋಯಿತು. ಆಮೇಲೆ ಬಂದ ಜಮೀನ್ದಾರರ ಮಗ ಅದೇ ಒಗಟಿಗೆ ಮೀಸೆ ನೀವಿಕೊಂಡು, “ತಮ್ಮ ತೀರ್ಥರೂಪರು, ಪ್ರಭು” ಎಂದ. ಅವನದೂ ಹೋಯಿತು. ಮತ್ತೆ ಯಾರೂ ಅತ್ತ ಸುಳಿಯಲಿಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಹಿಮ ಬಿದ್ದಿತ್ತು. ನೆಲ್ಲಾ ಮೂರು ಸಲ ಬಡಿದಳು. ಒಳಗಿನಿಂದ ಬಂದದ್ದು ಒಂದೇ ಕ್ಷೀಣ ಸದ್ದು. ಅವಳು ಪೊರಕೆ ಹಿಡಿದೇ ದರ್ಬಾರಿಗೆ ಹೋದಳು.

“ಏನೇ, ಇಲ್ಲೂ ಕಸ ಇದೆಯಾ?” ಎಂದ ದೊರೆ. ಎಲ್ಲರೂ ನಕ್ಕರು.

“ಇದೆ ಪ್ರಭು, ಆಮೇಲೆ ಗುಡಿಸ್ತೀನಿ. ಮೊದಲ ಒಗಟು ಊರಿಗೇ ಗೊತ್ತು. ಅದರ ಉತ್ತರ ರೋಮಿನ ಆಗಸ್ಟಸ್ ಚಕ್ರವರ್ತಿ. ಸುಗ್ಗಿ ಮುಗಿಸಿ ಬಳಲಿದ ಆಳುಗಳಿಗೆ ಅಂತ ಅವನು ಕೊಟ್ಟ ಬಿಡುವೇ ಆಗಸ್ಟ್ ಹದಿನೈದರ ಹಬ್ಬಕ್ಕೆ ಮೂಲ. ಅವತ್ತು ದುಡಿಯೋ ಎತ್ತಿಗೂ ಹೂವು ಮುಡಿಸ್ತಿದ್ದರಂತೆ. ನಮ್ಮಣ್ಣ ಹೇಳಿದ್ದು.”

ನಗು ನಿಂತಿತು. ದೊರೆ ಎರಡನೆಯ ಒಗಟು ಕೇಳಿದ:

“ಬಾ ಎಂದು ಕರೆದಾಗ ಕೆಲಸವಿದೆ ಎಂದಳು. ಕೆಲಸ ಮುಗಿದಾಗ ಕರೆದವರಿರಲಿಲ್ಲ. ಈಗ ಮನೆ ಮನೆ ಅಲೆಯುತ್ತಾಳೆ. ಯಾರು?”

“ಬೆಫಾನಾ ಅಜ್ಜಿ. ದೇವರ ಕೂಸನ್ನು ನೋಡೋಣ ಬಾ ಅಂತ ಮೂವರು ಅರಸರು ಕರೆದರು. ಕಸ ಗುಡಿಸಬೇಕು ಅಂದಳು. ಅದಕ್ಕೇ ಜನವರಿ ಆರರ ಹಬ್ಬಕ್ಕೆ ಎಲ್ಲ ಮಕ್ಕಳಿಗೂ ತಿಂಡಿ ಹಂಚಿ, ಆ ಕೂಸನ್ನೇ ಹುಡುಕ್ತಾಳೆ.” ನೆಲ್ಲಾಳ ದನಿ ತಗ್ಗಿತು. “ಮರದಡಿಗೆ ಬಾರೇ ಅಂತ ಅಣ್ಣ ನನ್ನನ್ನೂ ಕರೆದಿದ್ದ. ಗುಡಿಸೋದಿದೆ ಅಂದೆ.”

ದೊರೆ ಮೂರನೆಯದಕ್ಕೆ ಬಂದ: “ಪಂಚಾಂಗದಲ್ಲಿ ಇನ್ನೂ ಇಲ್ಲದ, ಆದರೆ ನನ್ನ ಪ್ರಜೆಗಳೆಲ್ಲ ಕಾಯುತ್ತಿರುವ ಹಬ್ಬ ಯಾವುದು?”

ನೆಲ್ಲಾ ನೆಲ ನೋಡಿದಳು. ಸುಳ್ಳು ಹೇಳಿದರೂ ತಲೆ, ನಿಜ ಹೇಳಿದರೂ ತಲೆ.

“ದೊರೆ ಬೇಡ ಅಂತ ಗಂಡಸರೂ ಹೆಂಗಸರೂ ಚೀಟಿ ಹಾಕಿ ಹೇಳೋ ದಿನ, ಪ್ರಭು.”

(ಇಟಲಿಗೆ ಅಂಥ ದಿನ ಬಂದೇ ಬಂತು, ಬಹಳ ಕಾಲದ ಮೇಲೆ, ೧೯೪೬ರ ಜೂನ್ ಎರಡಕ್ಕೆ; ಈಗ ಅದೂ ಅಲ್ಲಿ ರಜೆಯ ದಿನ. ಆ ಹೊತ್ತಿಗೆ ಈ ಕತೆಯವರು ಯಾರೂ ಇರಲಿಲ್ಲ.)

ಫಾಲ್ಕೋ ನಕ್ಕ. “ಸರಿಯಾಗಿ ಹೇಳಿದೆ. ಈ ಕ್ಷಣದಿಂದಲೇ ಹಬ್ಬ! ಗಂಟೆ ಬಾರಿಸಿ! ಇನಾಮು ಏನು ಬೇಕು?”

“ಅಣ್ಣನನ್ನು ಬಿಡಿ.”

ದೊರೆ ಬಿಡುಗಡೆಯ ಕಾಗದಕ್ಕೆ ಮುದ್ರೆ ಒತ್ತಿಕೊಟ್ಟ. ಅಷ್ಟರಲ್ಲಿ ಗಂಟೆ ಮೊಳಗಿ ರಜೆ ಶುರುವಾಗಿತ್ತು. ಸೆರೆಮನೆಯ ಕಾವಲುಗಾರ ಗಾಸ್ಪರೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟ್ಟದಾಚೆಯ ತನ್ನೂರಿಗೆ ಓಡಿದ್ದ.

“ಅವನನ್ನು ಕರೆಸಿ ಪ್ರಭು! ಇಲ್ಲ, ಬಾಗಿಲಾದರೂ ಒಡೆಸಿ!”

“ಹಬ್ಬದ ದಿನ ಯಾರ ಕೈಲೂ ಕೆಲಸ ಮಾಡಿಸುವಂತಿಲ್ಲವಲ್ಲ. ಗೆದ್ದವಳು ನೀನೇ ತಾನೇ?”

ಮರುದಿನ ಸಂತ ಸ್ಟೀಫನನ ಹಬ್ಬ. ಅದರ ಮರುದಿನ ಭಾನುವಾರ. ಊರೆಲ್ಲ ನೆಲ್ಲಾಳ ಹೆಸರು ಹೇಳಿ ಕುಡಿಯಿತು, ಕುಣಿಯಿತು. ಸೆರೆಮನೆಗೆ ರೊಟ್ಟಿಯಿಲ್ಲ, ಕೆಂಡವಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಕಾಗದ ಹಿಡಿದು ಏಳನೆಯ ಮೆಟ್ಟಿಲಲ್ಲಿ ಕೂತಳು. ಮೂರು ಸಲ ಬಡಿದಳು. ಕಾದಳು. ಮತ್ತೆ ಬಡಿದು, ಗೋಡೆಗೆ ಕಿವಿಯಿಟ್ಟಳು.

“ಅಣ್ಣಾ, ಒಂದೇ ಒಂದು ಸಲ ಬಡಿಯೋ.”